ವಾಸುವಿನ ಬೀರು

ಕೋಗಿಲು ಕ್ರಾಸಿನ ಬಸ್ ನಿಲ್ದಾಣದಲ್ಲಿ ಅಕ್ಕಪಕ್ಕದ ಮನೆಯವರಾದ ಗೋಪಾಲಮ್ಮ, ಜಾಹಿದಾ ಒಂದೇ ಫೋನಿನ ಮೇಲೆ ಬಗ್ಗಿದ್ದರು. ಪಕ್ಕದಲ್ಲಿದ್ದ ನಾನು ಕಾವ್ಯವಾಚನ ಕೇಳಲು ಕೂತವನಂತೆ ಕಿವಿಗೊಟ್ಟೆ.

"ನಿಮ್ ಮಗ ವಾಸು ಗಿಟಾರ್ ನುಡಿಸೋ ವಿಡಿಯೋನ ಲಕ್ಷಾಂತರ ಜನ ನೋಡಿದಾರಲ್ರೀ!" ಎಂದರು ಜಾಹಿದಾ.

"ಯಾರೂ ಹೇಳ್ಕೊಟ್ಟಿಲ್ಲ. ಸ್ಪೀಕರೂ ಇರ್ಲಿಲ್ಲ, ಅದಿಲ್ದೆ ಆ ಗಿಟಾರ್ ಸರಿಯಾಗಿ ಕೇಳ್ಸಲ್ಲ. ಎಲೆಕ್ಟ್ರಿಕ್ ಗಿಟಾರಿನ ತುದೀನ ಮರದ ಬೀರುಗೆ ಒತ್ಕೊಂಡು ನುಡಿಸ್ತಿದ್ದ. ಬೀರೇ ಗುಂಯ್ ಅಂತಿತ್ತು."

"ಗೋಡೆ ಈಚೆ ನನ್ ಪಾತ್ರೆಗಳೂ! ಬೈಕೊಂಡೇ ಕೇಳ್ತಿದ್ದೆ."

"ಭಾನುವಾರ ಕೆಂಪಾಪುರಕ್ಕೆ ಹೊರಡ್ತೀವಿ, ಅವನು ಕೊಂಡ ಫ್ಲಾಟಿಗೆ. ಬೀರು ಗುಜರಿಗೆ ಹಾಕಮ್ಮ ಅಂತಾನೆ."

"ಗುಜರಿಗಾ? ನಮ್ಮನೇಗೆ ಕೊಡಿ, ಅದೇ ಗೋಡೆಗೆ ಇಡ್ತೀನಿ."

"ನಿಮಗ್ಯಾಕ್ರೀ ಆ ಹಳೇದು?"

"ಅದಿದ್ರೆ ಅವ್ನು ಒಂದಿನ ಬಂದು ನುಡಿಸ್ತಾನೆ. ಇಲ್ದಿದ್ರೆ ಯಾಕ್ ಬರ್ತಾನೆ?"

ಹೆಬ್ಬಾಳದ ಬಸ್ಸು ಬಂತು. ಗೋಪಾಲಮ್ಮ ಮೆಟ್ಟಿಲು ಹತ್ತುತ್ತಾ ತಿರುಗಿದರು.

"ತಗೊಂಡೋಗಿ. ಬಣ್ಣ ಮಾತ್ರ ಹೊಡೆಸ್ಬೇಡಿ. ಅವ್ನು ಒತ್ತಿದ ಜಾಗ ಗುಳಿ ಬಿದ್ದದೆ, ಅಂಗೇ ಇರ್ಲಿ."