ಹನಿ ಹೆಪ್ಪುಗಟ್ಟುವಷ್ಟು ಹೊತ್ತು

ಈ ಶ್ರದ್ಧಾಂಜಲಿ ಸಭೆಗೆ ಬಂದ ಎಲ್ಲರಿಗೂ ನಮಸ್ಕಾರ. ಮುಂದೆ ಕುಳಿತಿರುವ ಸ್ವೀ ಲಿಯನ್ ಅವರ ತಾಯಿಗೆ, ಆಕೆಯ ಗಂಡ ಕೀಟ್ ಅವರಿಗೆ ನನ್ನ ಗೌರವ. ನಾನು ಹಸ್ನಾನ್, ಪ್ರಯೋಗಾಲಯದ ಮೀನುಕೋಣೆ ನೋಡಿಕೊಳ್ಳುವವನು. ಓದು ಬೇಗ ಬಿಟ್ಟವನು, ಭಾಷಣ ಬಾರದು. ಹಿಂದಿನ ಸಾಲಿನವರೇ — ಮಾತಾಡುವುದಿದ್ದರೆ ಹೊರಗೆ ಕಾಫಿ ಇಟ್ಟಿದ್ದಾರೆ. ಇಲ್ಲಿ ಬೇಡ.

ಈವರೆಗೆ ಮಾತಾಡಿದವರೆಲ್ಲ ಲಿಯನ್ ಬಹಳ ಸೌಮ್ಯ ಎಂದರು. ಯಾವ ಲಿಯನ್? ನಾನು ಕಂಡವಳು ಹಟಮಾರಿ.

ತಾಯಿ, ಮಗಳ ಕೆಲಸ ಏನೆಂದು ನಿಮಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ಹೊಸ ವರ್ಷಕ್ಕೆ ನೀವು ಅಗರ್-ಅಗರ್ ಪಾಚಿ ಕಾಯಿಸಿ ಜೆಲ್ಲಿಯ ಅಚ್ಚಿಗೆ ಹುಯ್ಯುತ್ತೀರಲ್ಲ — ಅಂಥದ್ದೇ, ಸಕ್ಕರೆ ಇಲ್ಲದ್ದು. ಅದರ ಒಂದು ಹನಿಯೊಳಗೆ ಜೀಬ್ರಾಮೀನಿನ ಜೀವಂತ ಭ್ರೂಣವನ್ನು ಬಿಡಬೇಕು. ಸಾಸಿವೆಯಷ್ಟು ಇರುತ್ತದೆ. ಹನಿ ಹೆಪ್ಪುಗಟ್ಟುವ ಮೊದಲೇ ಹೊರಳಿಸಿ, ಎದೆ ಮೇಲೆ ಬರುವಂತೆ ಮಲಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಹೊರಳಿಸುವುದಕ್ಕೆ ಕಡ್ಡಿಯ ತುದಿಗೆ ಅಂಟಿಸಿದ ಒಂದು ರೆಪ್ಪೆಗೂದಲು. ಲಿಯನ್ ಕಡ್ಡಿಯಲ್ಲಿದ್ದದ್ದು ಆಕೆಯದೇ. ಕ್ಯಾನ್ಸರ್ ಔಷಧಿಗೆ ರೆಪ್ಪೆಗೂದಲೆಲ್ಲ ಉದುರಿದ ಮೇಲೂ ಅದೊಂದು ಉಳಿದಿತ್ತು.

ಹನಿ ತಣ್ಣಗಾದರೆ ಭ್ರೂಣ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಬಿಸಿಯಿದ್ದರೆ ಬೇಯುತ್ತದೆ. ಬಿಸಿ ನೋಡುವುದು ಹೇಗೆ? ಮಗುವಿನ ಹಾಲು ನೋಡುವ ಹಾಗೆ — ಇಲ್ಲಿ, ಮಣಿಕಟ್ಟಿನ ಒಳಮೈಗೆ ಒಂದು ತೊಟ್ಟು. ನಮ್ಮಲ್ಲಿ ಎಲ್ಲರೂ ಹೀಗೇ.

ಒಂದು ಬೆಳಗ್ಗೆ ಬಂದು ನೋಡಿದರೆ, ತೊಟ್ಟಿಯ ಪಂಪು ಕೆಟ್ಟು ಆಕೆ ಬೆಳೆಸಿದ ತಳಿಯ ಮೀನುಗಳೆಲ್ಲ ಸತ್ತಿದ್ದವು. ಉಳಿದದ್ದು ಮೂರೇ ಭ್ರೂಣ. ಮಿಕ್ಕ ಮೀನುಗಳ ಹೃದಯ ಎಡಕ್ಕೆ ವಾಲಿದರೆ ಈ ತಳಿಯದು ಬಲಕ್ಕೆ ವಾಲುತ್ತದೆ ಎಂದು ಆಕೆಯ ವಾದ. ಯಾರೂ ಒಪ್ಪಿರಲಿಲ್ಲ. ಆ ಮೂರರ ಹೃದಯ ವಾಲಬೇಕಿದ್ದದ್ದು ಅಂದೇ. ಕಣ್ಣಿಗೆ ತೋರಿಸದಿದ್ದರೆ ಅಷ್ಟು ವರ್ಷದ ಕೆಲಸ ನೀರುಪಾಲು.

ಮೊದಲನೆಯ ಭ್ರೂಣ ಹನಿಯೊಳಗೇ ಬಿಳಿಚಿಕೊಂಡಿತು. ಬೆಂದಿತ್ತು. ಎರಡನೆಯದೂ ಬೆಂದಿತು. ನಮ್ಮ ಮುಖ್ಯಸ್ಥೆ ಡಾಕ್ಟರ್ ತವಮಣಿ — ಇಲ್ಲೇ ಇದ್ದಾರೆ — "ಏಳು ಲಿಯನ್, ಇದೊಂದನ್ನ ನಾನು ಕೂರಿಸ್ತೀನಿ," ಎಂದರು. ಲಿಯನ್ ಏಳಲಿಲ್ಲ.

ನಾನು ಆಕೆಯ ಮಣಿಕಟ್ಟು ನೋಡಿದೆ. ಕೆಂಪಗೆ ಸುಟ್ಟಿತ್ತು. ಆಕೆಗೆ ಗೊತ್ತೇ ಆಗಿರಲಿಲ್ಲ.

"ಔಷಧಿಗೆ ಕೈ ಮರಗಟ್ಟಿದೆ ಅಂತ ಬಾಯಿಬಿಟ್ಟು ಹೇಳೋಕೆ ಏನಮ್ಮ ರೋಗ ನಿಂಗೆ?" ಎಂದು ರೇಗಿದೆ.

"ಯಾವ ರೋಗ ಅಂತ ಎಲ್ರಿಗೂ ಗೊತ್ತಲ್ಲ ಮಾಮ," ಎಂದಳು. ಆಮೇಲೆ ಮೆಲ್ಲಗೆ, "ಹೇಳಿದ್ರೆ ಕುರ್ಚಿ ಬಿಡಿಸ್ತಿದ್ರಿ."

"ಈಗೇನ್ಮಾಡ್ತೀಯ?"

"ನಿಮ್ಮ ಕೈ ಕೊಡಿ."

"ನಂದು ಎಮ್ಮೆ ಚರ್ಮ ಕಣೇ."

"ನಿಮ್ಮ ನಾಲಿಗೆಗಿಂತ ಮೆತ್ತಗಿರತ್ತೆ ಬಿಡಿ."

ಕೈ ಚಾಚಿದೆ — ಹೀಗೆ. ತೊಟ್ಟು ಬಿತ್ತು. "ಸುಡ್ತಿದೆ, ತಡಿ." ಮತ್ತೊಂದು. "ಇನ್ನೂ ಸ್ವಲ್ಪ." ಮತ್ತೊಂದು. "ಈಗ ಬಿಡು."

ಬಿಟ್ಟಳು. ಭ್ರೂಣ ಬೆನ್ನು ಮೇಲಾಗಿ ಬಿತ್ತು. ತಳ್ಳಿದಳು — ಹೊರಳಿತು — ಮತ್ತೆ ಜಾರಿತು. ಹನಿಯ ಅಂಚು ಆಗಲೇ ಗಟ್ಟಿಯಾಗುತ್ತಿತ್ತು. ಬೆರಳಲ್ಲಿ ಕಡ್ಡಿ ಇದೆಯೋ ಇಲ್ಲವೋ ತಿಳಿಯದವಳು, ಬರೀ ಕಣ್ಣಿನ ಬಲದಿಂದ ಅದನ್ನು ನಡೆಸಿ ಇನ್ನೊಮ್ಮೆ ತಳ್ಳಿದಳು. ಎದೆ ಮೇಲಾಯಿತು.

"ಯಾರೂ ಮೇಜು ಮುಟ್ಬೇಡಿ," ಎಂದಳು.

ನಾವು ನಿಂತ ಕಾಲು ಬದಲಿಸಲಿಲ್ಲ. ಡಾಕ್ಟರ್ ತವಮಣಿಯವರೂ ಬದಲಿಸಲಿಲ್ಲ. ಹನಿ ಹೆಪ್ಪುಗಟ್ಟಿತು.

ಮಧ್ಯಾಹ್ನ ಪರದೆಯ ಮೇಲೆ ಆ ಪುಟ್ಟ ಹೃದಯ ಬಡಿದುಕೊಳ್ಳುತ್ತಲೇ ಬಲಕ್ಕೆ ವಾಲಿತು. ನಾನೂ ನೋಡಿದೆ. ಲಿಯನ್ ನಗಲಿಲ್ಲ, ಅಳಲಿಲ್ಲ. "ಹಸಿವಾಗ್ತಿದೆ ಮಾಮ, ನಾಸಿ ಲೆಮಾಕ್ ತರ್ಸಿ," ಎಂದಳು. ಬಿಸಿ ತೆಂಗಿನಹಾಲಿನ ಅನ್ನ ತರಿಸಿದೆ. ಎರಡು ತುತ್ತೂ ಸೇರಲಿಲ್ಲ.

ಅಗರ್ ಬಿಡಿಸಿ ಆ ಮರಿಯನ್ನು ನೀರಿಗೆ ಬಿಟ್ಟೆವು. ನನ್ನ ತೊಟ್ಟಿಯಲ್ಲಿ ಈಜುತ್ತಿದೆ. ತಾಯಿ, ನೀವು ಯಾವಾಗ ಬಂದರೂ ತೋರಿಸುತ್ತೇನೆ.

ಈಗ ಎಲ್ಲರೂ ಏಳಿ. ಕುರ್ಚಿ ಎಳೆದಾಡಬೇಡಿ. ಗಡಿಯಾರ ನೋಡಬೇಡಿ. ಒಂದು ಹನಿ ಹೆಪ್ಪುಗಟ್ಟುವಷ್ಟು ಹೊತ್ತು ಸುಮ್ಮನೆ ನಿಲ್ಲೋಣ —

ಯಾರೂ ಮೇಜು ಮುಟ್ಟಬೇಡಿ.