ಹಿಂದಿನ ಗಾಲಿಯ ಹಸಿ

ತೆಕ್ಕಲಕೋಟೆಯಲ್ಲಿ ನಾಟಿಗೆ ಹೊರಟ ಹೆಂಗಸರನ್ನು ತುಂಬಿಕೊಂಡು ಹಳೆಯ ಲಾರಿಯೊಂದು ನಿಂತಿತ್ತು. ಬುತ್ತಿಗಂಟು ಹಿಡಿದು ಹತ್ತಲು ಬಂದ ಸಾವಂತ್ರಮ್ಮನಿಗೆ ಡ್ರೈವರ್ ಹಂಪೇಶನೂ ಮಾಲೀಕ ದೊಡ್ಡಬಸವರಾಜನೂ ಜಗಳವಾಡುವುದು ಕೇಳಿಸಿತು.

“ಬ್ರೇಕ್ ಹಿಡೀವಲ್ದು ಸಾವ್ಕಾರ್ರೆ, ಪೆಡ್ಲು ತಳಕ್ಕ ಹೋಗತೈತಿ.”

“ಕಾಲುವ್ಯಾಗ ಗಾಡಿ ತೊಳದೀಯಲ್ಲ, ಗಾಲಿಗೆ ನೀರು ಹೊಕ್ಕೈತಿ. ಓಡಿಸಿದ್ರ ಆರತೈತಿ.”

“ತೊಳದದ್ದು ನಿನ್ನೆ. ಹಿಂದಿನ ಗಾಲಿ ಒಳಗ ಇನ್ನೂ ಹಸಿ ಐತಿ. ಮುಟ್ಟಿ ನೋಡ್ರಿ, ಜಾರತೈತಿ. ಅದು ನೀರಲ್ಲ, ಬ್ರೇಕ್ ಆಯಿಲ್.”

“ನನಗ ಕಲಸ್ತೀಯೇನಲೇ, ಅಂಜುಬುರುಕ? ಸೀರಿ ಉಟ್ಕೊಂಡು ಹಿಂದ ಕುಂದ್ರು, ಗಾಡಿ ನಾ ಹೊಡೀತೀನಿ!”

“ಹೊಡೀರಿ. ನಿಮ್ಮ ಮನಿಯವರನ್ನ ಮುಂದ ಕುಂದ್ರಿಸ್ಕೊಂಡು ಹೊಡೀರಿ.”

ಮಾಲೀಕ ಕೀಲಿ ಕಸಿದುಕೊಂಡು ಹತ್ತಿ ಕುಳಿತ. ಸಾವಂತ್ರಮ್ಮ ಬಗ್ಗಿ ಗಾಲಿಯ ಒಳಮೈ ಸವರಿದಳು, ಬೆರಳು ಉಜ್ಜಿ ಮೂಸಿದಳು.

“ಸೀರಿ ಉಟ್ಟೋರೆಲ್ಲಾ ಇಳೀರೇ!”

ಖಾಲಿ ಲಾರಿಯ ಹಾರ್ನ್ ಕೂಗುತ್ತಲೇ ಇತ್ತು. ಹೆಂಗಸರು ಬಸ್ ಸ್ಟ್ಯಾಂಡಿನ ಕಡೆ ನಡೆದರು.