ಎರಡು ಕುರ್ಚಿ

ಅಧ್ಯಕ್ಷರ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಅಯೋವಾದ ನಮ್ಮೂರಲ್ಲಿ ಆಗ ಚೀಟಿ ಹಾಕುತ್ತಿರಲಿಲ್ಲ. ಶಾಲೆಯ ಆಟದ ಹಾಲಿನಲ್ಲಿ ಊರವರ ಕಣ್ಣೆದುರೇ ನಮ್ಮ ನಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲಬೇಕಿತ್ತು. ತಲೆ ಎಣಿಸಿದಾಗ ಸಾಕಷ್ಟು ಜನ ಇಲ್ಲದ ಗುಂಪಿನವರು ಬೇರೆ ಮೂಲೆಗೆ ಸೇರಿಕೊಳ್ಳಬಹುದಿತ್ತು. ಬಾಗಿಲ ಸಾಲಿನಲ್ಲಿ ನನ್ನ ಮುಂದೆ ಹಾರ್ಡ್‌ವೇರ್ ಅಂಗಡಿಯ ವೆರ್ಲಿನ್, ಅವನ ಹೆಂಡತಿ ಆರ್ಡಿತ್. ನಾನು ಕದ್ದು ಕೇಳಿದ್ದಲ್ಲ. ವೆರ್ಲಿನ್ ಮಾತಾಡುವುದೇ ಅಷ್ಟು ಜೋರಾಗಿ.

"ಒಳಗೆ ಹೋದ ತಕ್ಷಣ ಎಡಗಡೆ ಮೂಲೆ. ಗವರ್ನರ್ ಕಡೆಯವರು ಅಲ್ಲೇ."

"ನೀನು ಹೋಗು. ನಾನು ಸೆನೆಟರಮ್ಮನ ಕಡೆ."

"ತಮಾಷೆ ಮಾಡ್ತಿದ್ದೀಯಾ? ಅವಳು ಬಂದ್ರೆ ಅಂಗಡಿ ಮೇಲೆ ತೆರಿಗೆ ಏರಿಸ್ತಾಳೆ ಕಣೇ."

"ಏರಿಸ್ಲಿ. ಮನೇಲಿ ಮುದುಕರನ್ನ ನೋಡ್ಕೊಳ್ಳೋರಿಗೆ ಅದೇ ದುಡ್ಡಲ್ಲಿ ಸಂಬಳ ಕೊಡ್ತಾಳಂತೆ."

"ನಮ್ಮಮ್ಮನ್ನ ನೋಡ್ಕೊಳ್ಳೋಕೆ ನಿಂಗೆ ಸಂಬಳ ಬೇಕಾ?"

"ಬೇಡ ಬಿಡು. ನಾಳೆಯಿಂದ ಅವರಿಗೆ ನೀನೇ ಸ್ನಾನ ಮಾಡ್ಸು."

ವೆರ್ಲಿನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಗಂಡ ಒಂದು ಮೂಲೆ, ಹೆಂಡ್ತಿ ಒಂದು ಮೂಲೆ ಅಂತ ಊರೆಲ್ಲ ಆಡ್ಕೊಳ್ಳುತ್ತೆ."

"ಆಡ್ಕೊಳ್ಳಲಿ."

"ಹೋಗ್ಲಿ, ಅಮ್ಮನ ಹತ್ರ ಈಗ ಯಾರಿದ್ದಾರೆ? ಪಕ್ಕದ್ಮನೆ ಡೆಲೋರಿಸ್ ತಾನೆ?"

"ಡೆಲೋರಿಸ್ ಆಗ್ಲೇ ಅವರನ್ನ ಗಾಲಿಕುರ್ಚೀಲಿ ಒಳಗೆ ಕರ್ಕೊಂಡು ಹೋದ್ಳು. ಸೆನೆಟರಮ್ಮನ ಮೂಲೆಗೆ."

"ಅಮ್ಮನೂ ಅಲ್ಲಿಗೇನಾ?"

"ಪಕ್ಕದಲ್ಲಿ ಎರಡು ಕುರ್ಚಿ ಹಿಡಿದಿಟ್ಟಿರ್ತೀನಿ ಅಂದಿದ್ದಾರೆ."

"ಎರಡ್ಯಾಕೆ?"

"ಜನ ಸಾಲದೆ ನಿಮ್ಮ ಗುಂಪು ಒಡೆದು ಹೋದ್ರೆ, ನೀನೂ ಬೇರೆ ಮೂಲೆ ಹುಡುಕಬೇಕಲ್ಲ."

ಸಾಲು ಮುಂದೆ ಸರಿಯಿತು. ಒಳಗೆ ಕಾಲಿಟ್ಟ ಆರ್ಡಿತ್ ಬಲಕ್ಕೆ ತಿರುಗಿದಳು. ವೆರ್ಲಿನ್ ಎಡಕ್ಕೆ ನಡೆಯುತ್ತಲೇ, ತನ್ನ ಮೂಲೆಯ ತಲೆಗಳನ್ನು ಎಣಿಸತೊಡಗಿದ.